ಸರ್ಕ್ಯೂಟ್ ಬದಲಾವಣೆಯನ್ನು ಅಳೆದು ನೋಡುವ ಬಗೆ

ದೀರ್ಘ ಹೊತ್ತಿನ ಕಾರು ಸ್ಪರ್ಧೆಗಳ ಸರಣಿಯಾದ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಷಿಪ್‌ನ ವೇಳಾಪಟ್ಟಿಯಿಂದ ಮೆಚ್ಚಿನ ಸರ್ಕ್ಯೂಟ್ (ಕಾರು ಓಟದ ಹಾದಿ) ಕೈಬಿಟ್ಟುಹೋದಾಗ ವಾದಕ್ಕಿಳಿಯುವ ಮುನ್ನ ಅದರ ಕಾರಣವನ್ನು ಗುರುತಿಸಿಕೊಳ್ಳಿ. 2024ರಲ್ಲಿ ಇಟಲಿಯಲ್ಲಿ ಮೊಂಜಾದ ಬದಲು ಇಮೋಲಾ ಬಂದದ್ದು ಮೊಂಜಾದ ನವೀಕರಣ ಕಾಮಗಾರಿಯಿಂದಾಗಿ. ಆದರೂ 2025ರಲ್ಲಿಯೂ ಇಮೋಲಾವೇ ಉಳಿಯಿತೆಂಬುದನ್ನು ಗಮನಿಸಬೇಕು.

ಅಮೆರಿಕದ ಸೀಬ್ರಿಂಗ್‌ನ ಪ್ರಕರಣ ಇನ್ನಷ್ಟು ಜಟಿಲವಾದುದು. ಎರಡನೆಯ ಮಹಾಯುದ್ಧದ ಕಾಲದ ವಾಯುನೆಲೆಯ ಮೇಲೆ ರೂಪುಗೊಂಡ ಆ ಸರ್ಕ್ಯೂಟ್‌ನ ಕಾಂಕ್ರೀಟ್ ಹಾಸುಗಳು ಕಾರನ್ನೂ ಚಾಲಕರನ್ನೂ ಕುಲುಕಿ ಪರೀಕ್ಷಿಸುತ್ತವೆ. ಅಭಿಮಾನಿಗಳು ಹಂಬಲಿಸುವುದು ಈ ಒರಟುತನಕ್ಕೇ. ಆದರೆ 2023ರ ಮಾರ್ಚ್‌ನಲ್ಲಿ ಶುಕ್ರವಾರ 1000 ಮೈಲಿಯ ವಿಶ್ವ ಸ್ಪರ್ಧೆ, ಶನಿವಾರ ಅಮೆರಿಕದ ಸರಣಿಯಾದ ಇಮ್ಸಾದ 12 ಗಂಟೆಗಳ ಸ್ಪರ್ಧೆ ಒಂದೇ ಅಂಗಳದಲ್ಲಿ ನಡೆದವು. ಎರಡು ಸರಣಿಗಳ ತಂಡಗಳಿಗೆ ಜಾಗ ಒದಗಿಸುವುದು ಎಷ್ಟು ಕಷ್ಟವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, 2024ರಲ್ಲಿ ಆ ಸ್ಥಾನಕ್ಕೆ ಬಂದ ಆಸ್ಟಿನ್‌ನ ಆಧುನಿಕ ಸರ್ಕ್ಯೂಟನ್ನು ಹಳಿಯುವುದು ನ್ಯಾಯವಲ್ಲ. ನನ್ನ ಒಲವು ಸೀಬ್ರಿಂಗ್ ಕಡೆಗೇ ಇದೆ, ಅದು ಬೇರೆ ಮಾತು.

ಬಳಿಕ ಸುತ್ತಿನ ಉದ್ದವನ್ನು ನೋಡಿ. ಬೆಲ್ಜಿಯಂನ ಸ್ಪಾದಲ್ಲಿ ಅದು 7.004 ಕಿ.ಮೀ., ಇಮೋಲಾದಲ್ಲಿ 4.909 ಕಿ.ಮೀ. ಅತಿ ವೇಗದ ವರ್ಗವಾದ ಹೈಪರ್‌ಕಾರ್‌ಗಳು ನಿಧಾನದ ಜಿಟಿ ಕಾರುಗಳನ್ನು ಪದೇಪದೇ ದಾಟಬೇಕಾದ ಈ ಕ್ರೀಡೆಯಲ್ಲಿ, ಚಿಕ್ಕದಾದ, ಇಕ್ಕಟ್ಟಾದ ಸುತ್ತು ದಟ್ಟಣೆಯನ್ನು ಹೆಚ್ಚಿಸಿ ಫಲಿತಾಂಶವನ್ನೇ ತಿರುಗಿಸಬಲ್ಲದು. ಅದು ಗುಣವೋ ದೋಷವೋ ಎಂಬುದನ್ನು ನಿರ್ಧರಿಸಲು ಮುಖ್ಯಾಂಶಗಳ ತುಣುಕು ಸಾಲದು. ಕನಿಷ್ಠ ಎರಡು ಗಂಟೆ ಕಾಲ ಸ್ಪರ್ಧೆಯನ್ನು ಬಿಡದೆ ನೋಡಿ, ಹಿಂದಿಕ್ಕುವಿಕೆ ಯಾವ ತಿರುವುಗಳಲ್ಲಿ ನಡೆಯುತ್ತದೆಂಬುದನ್ನು ಗುರುತು ಹಾಕಿಕೊಳ್ಳಿ.