ಕೆಳಗಿನ ಬೆಳಕಿಗೆ ಎದ್ದ ಎತ್ತು

ನೆಟ್ಟಗೆ ನಿಲ್ಲಿಸಿದ ಹಳೇ ಕಲ್ಲೊಂದರ ಮೇಲೆ ಏನೋ ಗೀರಿದೆ ಅಂತ ನಾನಂದರೆ, "ಅದು ದನ ಮೈ ಉಜ್ಜುವ ಕಲ್ಲು ಮಾರಾಯ, ಬಿಡು" ಅಂತ ಎರಡು ವರ್ಷ ಎಲ್ಲರೂ ಹೇಳಿದರು. ಶಾಸನ ಓದುವ ಹಿರಿಯರೊಬ್ಬರು, "ರೈಸ್ ಸಾಹೇಬರು ಹಾಸನ ಜಿಲ್ಲೆ ಜಾಲಾಡಿದ್ದಾರೆ, ಇದ್ದಿದ್ದರೆ ಬಿಡ್ತಿದ್ರಾ?" ಅಂದರು. ನಮ್ಮ ಶಾಸನಗಳನ್ನೆಲ್ಲ ಸಂಗ್ರಹಿಸಿದ ಬಿ.ಎಲ್. ರೈಸ್ ಹುಡುಕಿದ್ದು ಅಕ್ಷರ. ಈ ಕಲ್ಲಿನಲ್ಲಿ ಅಕ್ಷರವೇ ಇಲ್ಲ. ಅಕ್ಷರ ಇದ್ದ ಹಲ್ಮಿಡಿ ಶಾಸನವನ್ನೇ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು 1936ರಲ್ಲಿ. ಅದೂ ಬೇಲೂರು ತಾಲ್ಲೂಕಿನದ್ದೇ, ಅಲ್ವಾ?

ಕಲ್ಲು ಇರುವುದು ಸಕಲೇಶಪುರ ಕಡೆಯ ಕಾಫಿ ತೋಟವೊಂದರ ಅಂಚಿನಲ್ಲಿ. ಜಾಸ್ತಿ ಹೇಳುವುದಿಲ್ಲ. ನಿಧಿ ಆಸೆಗೆ ಅಗೆಯುವವರ ಕಾಟ ನಿಮಗೂ ಗೊತ್ತು. ಎತ್ತರ ಏಳಡಿ ಇರಬಹುದು, ಸ್ವಲ್ಪ ವಾಲಿದೆ. ತೋಟದ ಆಳುಗಳಿಗೆ ಅದು ರಾಕ್ಷಸನ ಕಲ್ಲು. ವರ್ಷಕ್ಕೊಮ್ಮೆ ಎಣ್ಣೆ, ಅರಿಶಿನ ಬಳಿಯುತ್ತಾರೆ. ಫೋಟೋಕ್ಕೆ ಆ ಎಣ್ಣೆಯ ಮಿಂಚೇ ದೊಡ್ಡ ಶತ್ರು.

ನನ್ನ ಪೆದ್ದುತನ ಮೊದಲೇ ಹೇಳಿಬಿಡುತ್ತೇನೆ. ಮೈದಾ ಹಿಟ್ಟು ಸವರಿದೆ. ಗೀರು ಕಾಣಲಿಲ್ಲ, ಇರುವೆ ಬಂದವು. ನೀವು ಹಿಟ್ಟೂ ಹಚ್ಚಬೇಡಿ, ಸೀಮೆಸುಣ್ಣವೂ ಬೇಡ. ಆಮೇಲೆ ಡ್ರೋನ್ ಹುಡುಗನೊಬ್ಬನಿಗೆ ಆರು ಸಾವಿರ ಕೊಟ್ಟೆ. ಸಿಲ್ವರ್ ಓಕ್ ತಲೆಗಳು ಚೆನ್ನಾಗಿ ಬಂದವು, ಕಲ್ಲು ಬರಲಿಲ್ಲ. ಮೊಬೈಲಿನಲ್ಲಿ ಇನ್ನೂರು ಚಿಲ್ಲರೆ ಫೋಟೋ ತೆಗೆದು ತ್ರೀಡಿ ಮಾದರಿ ಕಟ್ಟಲು ಹೋದೆ. ಹಳೇ ಲ್ಯಾಪ್‌ಟಾಪ್ ರಾತ್ರಿಯಿಡೀ ಹೂಂಗುಟ್ಟಿ, ಬೆಳಿಗ್ಗೆ ಕರಗಿದ ಬೆಲ್ಲದಂಥ ಮುದ್ದೆ ಕೊಟ್ಟಿತು. ಒಟ್ಟು ಹನ್ನೆರಡು ಸಾವಿರ ಹೋಗಿರಬೇಕು. ಮನೆಯಲ್ಲಿ ಎಂಟು ಅಂದಿದ್ದೇನೆ.

ಕೊನೆಗೆ ಕೈ ಹಿಡಿದದ್ದು ಒಂಬೈನೂರು ರೂಪಾಯಿಯ ಟಾರ್ಚು. ಫೆಬ್ರವರಿ, ಅಮಾವಾಸ್ಯೆಯ ಆಸುಪಾಸು. ಆಗ ಪಾಚಿ ಒಣಗಿರುತ್ತದೆ, ಜಿಗಣೆಯೂ ಇಲ್ಲ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್ ತೆರೆದಿಟ್ಟದ್ದು ಇಪ್ಪತ್ತೋ ಮೂವತ್ತೋ ಸೆಕೆಂಡು. ಎಡದಿಂದ ಬೆಳಕು ಬಿಟ್ಟೆ, ಏನೂ ಇಲ್ಲ. ಬಲದಿಂದಲೂ ಇಲ್ಲ. ಬೇಜಾರಾಗಿ ಟಾರ್ಚನ್ನು ಬುಡದಲ್ಲಿಟ್ಟು ನೀರು ಕುಡಿಯಲು ತಿರುಗಿದೆ. ಮತ್ತೆ ನೋಡಿದರೆ ಹಿಣಿಲು! ಆಮೇಲೆ ಬೆನ್ನು, ಉದ್ದ ಕೊಂಬು. ಬೆನ್ನಿನ ಗೀರು ಅಡ್ಡಕ್ಕಿದೆ. ಪಕ್ಕದ ಬೆಳಕು ಅದರ ಜೊತೆಗೇ ಓಡಿಹೋಗುತ್ತಿತ್ತು, ನೆರಳು ಬೀಳುತ್ತಲೇ ಇರಲಿಲ್ಲ. ಟಾರ್ಚಿನ ಬಾಯಿಗೆ ಏನು ಕಟ್ಟುತ್ತೇನೆ, ಎಣ್ಣೆ ಮಿಂಚನ್ನು ಹೇಗೆ ಅಡಗಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸುಮ್ನೆ ಇರಲಾಗದೆ ನಮ್ಮೂರ ವೀರಗಲ್ಲಿಗೂ ಅದೇ ಟಾರ್ಚು ಹಿಡಿದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ, ಎಲ್ಲ ಗೊತ್ತಿದ್ದದ್ದೇ. ನಡುವಿನ ಪಟ್ಟಿಯಲ್ಲಿ ಸವೆದ ಐದಾರು ಅಕ್ಷರ ಎದ್ದವು. ಹಗಲಲ್ಲಿ ಕ್ಷೌರದಂಗಡಿಯ ಹಳೇ ಕನ್ನಡಿಯಿಂದ ಬಿಸಿಲು ತಿರುಗಿಸಿಯೂ ನೋಡಿದೆ. ಊರೊಳಗೆ ಪರವಾಗಿಲ್ಲ. ಕಾಫಿ ತೋಟದ ನೆರಳಲ್ಲಿ ಬಿಸಿಲು ಎಲ್ಲಿಂದ ತರೋದು?

ಎತ್ತು ಉಳಿಯಲ್ಲಿ ಕೆತ್ತಿದ್ದಲ್ಲ. ಕಲ್ಲಿನಿಂದ ಕುಟ್ಟಿ ಕುಟ್ಟಿ ಮಾಡಿದ ಚುಕ್ಕಿಗಳು. ಬಳ್ಳಾರಿಯ ಸಂಗನಕಲ್ಲು ಕಡೆಯ ಗುಡ್ಡಗಳಲ್ಲಿ ನವಶಿಲಾಯುಗದವರು ಕುಟ್ಟಿದ ಎತ್ತುಗಳಿವೆಯಲ್ಲ, ಅದೇ ಕೈವಾಡ ಅಂತ ನನ್ನ ಲೆಕ್ಕ. ಕಲ್ಲು ನಿಲ್ಲಿಸಿದವರೇ ಎತ್ತನ್ನೂ ಕುಟ್ಟಿದರಾ ಅನ್ನುವುದು ಬೇರೆ ಜಗಳ.

ಹಿರಿಯರಿಗೆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ಟಾರ್ಚು ಎಲ್ಲಿ ತಗೊಂಡೆ?" ಅಂದರು. ಮುಂದಿನ ಅಮಾವಾಸ್ಯೆಗೆ ಅವರೂ ಬರುತ್ತಾರಂತೆ. ಸ್ಟ್ಯಾಂಡ್ ಅವರೇ ಹೊರಬೇಕು ಅಂದಿದ್ದೇನೆ.