ಎರಡು ಕೈಕೆತ್ತನೆಯ ಮ್ಯಾಂಡೊಲಿನ್‌ಗಳಲ್ಲಿ ಒಂದನ್ನು ಆರಿಸುವುದು ಹೇಗೆ?

ಕೈಯಿಂದ ಕೆತ್ತಿದ ಮ್ಯಾಂಡೊಲಿನ್‌ಗೆ ಸಾವಿರಾರು ಡಾಲರ್ ತೆರಲು ಸಿದ್ಧರಾಗಿ ಬಂದವರು, ಅದರ ಮೈಯ ಮೇಲ್ಮೂಲೆಯ ಅಲಂಕಾರದ ಸುರುಳಿಯನ್ನು ಸವರಿ, ಒಳಗಿನ ಚೀಟಿಯನ್ನು ಓದಿ, ತಮಗೆ ಗೊತ್ತಿರುವ ಒಂದೇ ಒಂದು ಹಾಡನ್ನು ನುಡಿಸಿ ಹಣ ಎಣಿಸುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಅವರಲ್ಲಿ ಕೆಲವರು ವರ್ಷ ತುಂಬುವುದರೊಳಗೆ ಅದೇ ವಾದ್ಯವನ್ನು ನಷ್ಟಕ್ಕೆ ಮಾರಿದ್ದನ್ನೂ ನೋಡಿದ್ದೇನೆ.

ಮೊದಲ ಹಂತ: ಯಾವ ಸಂಗೀತಕ್ಕೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಇಲ್ಲಿ ಹೇಳುತ್ತಿರುವುದು ಅಮೆರಿಕದ ಬ್ಲೂಗ್ರಾಸ್ ಎಂಬ ಜನಪದ ಶೈಲಿಯ ತಂತಿವಾದ್ಯ ಸಂಗೀತದಲ್ಲಿ ನೆಲೆಯೂರಿದ, ಪಿಟೀಲಿನಂತೆ ಉಬ್ಬಾಗಿ ಕೆತ್ತಿದ ಹಲಗೆಗಳಿರುವ, ನಾಲ್ಕು ಜೋಡಿಗಳಲ್ಲಿ ಎಂಟು ತಂತಿಗಳಿರುವ ವಾದ್ಯದ ವಿಷಯ. ಕರ್ನಾಟಕ ಸಂಗೀತ ನುಡಿಸಬೇಕೆಂದಿರುವವರು ಇದಕ್ಕೆ ಹಣ ಹಾಕಬೇಡಿ. ಬಿಗಿಯಾದ ಜೋಡಿ ತಂತಿಗಳನ್ನು ಎಳೆದು ಗಮಕ ತೆಗೆಯುವುದು ಬಲು ಕಷ್ಟ. ಯು. ಶ್ರೀನಿವಾಸ್ ಅವರು ಜೋಡಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಹಿಡಿದದ್ದು ಸುಮ್ಮನೆ ಅಲ್ಲ.

ಎರಡನೆಯ ಹಂತ: ಆಕಾರವನ್ನು ಆರಿಸಿ. ಸುರುಳಿಯೂ ಚೂಪು ಮೂಲೆಗಳೂ ಇರುವುದು ಎಫ್ ಮಾದರಿ, ನೀರಿನ ಹನಿಯಂತೆ ಸರಳವಾಗಿರುವುದು ಎ ಮಾದರಿ. ಅಮೆರಿಕದ ವಾದ್ಯ ತಯಾರಕ ಗಿಬ್ಸನ್ ಕಂಪನಿಯಲ್ಲಿ ಅದರ ತಜ್ಞ ಲಾಯ್ಡ್ ಲೋರ್ ಅವರ ಸಹಿಯೊಂದಿಗೆ 1922ರಿಂದ 1924ರವರೆಗೆ ಹೊರಬಂದ ಎಫ್-5 ವಾದ್ಯಗಳು, ಅದರಲ್ಲೂ ಬ್ಲೂಗ್ರಾಸ್‌ನ ಜನಕರೆನಿಸಿದ ಬಿಲ್ ಮನ್ರೋ 1940ರ ದಶಕದಲ್ಲಿ ಕೊಂಡು ದಶಕಗಳ ಕಾಲ ನುಡಿಸಿದ 1923ರ ವಾದ್ಯ, ಸುರುಳಿಗೆ ಈ ಮಟ್ಟದ ಮೋಹವನ್ನು ತಂದಿತ್ತವು. ಆದರೆ ಆ ಸುರುಳಿಯ ಒಳಗೆ ಇರುವುದು ಬಹುಪಾಲು ಗಟ್ಟಿ ಮರವೇ ಹೊರತು ದನಿ ತುಂಬುವ ಪೊಳ್ಳಲ್ಲ. ಅದನ್ನು ಕೆತ್ತಲು, ಅದರ ಅಂಚಿಗೆ ಪಟ್ಟಿ ಕೂರಿಸಲು ಹಿಡಿಯುವ ದಿನಗಳಿಗೆ ನೀವು ಬೆಲೆ ಕೊಡುತ್ತೀರಿ. ಒಬ್ಬರೇ ತಯಾರಕರ ಎರಡೂ ಮಾದರಿಗಳು ಎದುರಿಗಿದ್ದರೆ ಎ ಮಾದರಿಯನ್ನು ಕೊಳ್ಳಿ ಎಂಬುದೇ ನನ್ನ ಸಲಹೆ. ಇದನ್ನು ಕೇಳಿದವರು ಇಲ್ಲಿಯವರೆಗೆ ಕಡಿಮೆ.

ಮೂರನೆಯ ಹಂತ: ಹೋಲಿಕೆ. ಜನ ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎರಡೂ ವಾದ್ಯಗಳಿಗೆ ಹಿಂದಿನ ದಿನವೇ ಒಂದೇ ತಯಾರಿಕೆಯ, ಒಂದೇ ದಪ್ಪದ ಹೊಸ ತಂತಿಗಳನ್ನು ಹಾಕಿಸಿ. ಮಧ್ಯಮ ದಪ್ಪದ ಒಂದು ಕಟ್ಟಿನಲ್ಲಿ ಅವು 0.011 ಇಂಚಿನಿಂದ 0.040 ಇಂಚಿನವರೆಗೆ ಇರುತ್ತವೆ. ಮೂರು ತಿಂಗಳು ಬೆವರು ಕುಡಿದ ತಂತಿಯ ಮಂಕು ದನಿಯನ್ನು ‘ಹಳೆಯ ಮರದ ಮಾಗಿದ ದನಿ’ ಎಂದೂ, ಹೊಸ ತಂತಿಯ ಝಣಝಣವನ್ನು ‘ಎಳೆಯ ಮರದ ಒರಟುತನ’ ಎಂದೂ ತಿಳಿದು ತೀರ್ಪು ಕೊಟ್ಟವರ ಮನೆಯಲ್ಲಿ ತಪ್ಪು ವಾದ್ಯ ಕೂತಿದೆ. ಮೀಟುವ ಪಿಕ್ ಕೂಡ ಒಂದೇ ಆಗಿರಲಿ, 1.4 ಮಿ.ಮೀ. ಸುಮಾರಿನ ದಪ್ಪದ, ಮೂಲೆ ದುಂಡಗಿರುವುದು ಒಳ್ಳೆಯದು. ಅಂಗಡಿಯ ಡಬ್ಬಿಯಲ್ಲಿ ಪುಕ್ಕಟೆ ಸಿಗುವ ತೆಳು ಪ್ಲಾಸ್ಟಿಕ್ ಪಿಕ್‌ನಲ್ಲಿ ಎಂಥ ಮ್ಯಾಂಡೊಲಿನ್ ಕೂಡ ಬಿಸ್ಕತ್ತಿನ ಡಬ್ಬದಂತೆ ಕೇಳಿಸುತ್ತದೆ.

ಇನ್ನು, ನುಡಿಸುವವರಾಗಿ ನಿಮ್ಮ ಕಿವಿಯನ್ನು ನೀವೇ ನಂಬಬೇಡಿ. ಮೇಲ್ಹಲಗೆಯಲ್ಲಿ ಎಫ್ ಅಕ್ಷರದ ಆಕಾರದಲ್ಲಿ ಕೊರೆದ ರಂಧ್ರಗಳ ದನಿ ಮುಂದಕ್ಕೆ ಹರಿಯುತ್ತದೆ; ವಾದ್ಯದ ಹಿಂದೆ ಕುಳಿತವರಿಗೆ ಅದರ ಒಂದು ಪಾಲು ಮಾತ್ರ ಕೇಳಿಸುತ್ತದೆ, ಅದರ ಮೇಲೆ ಬೆನ್ನುಹಲಗೆ ಹೊಟ್ಟೆಗೆ ಒತ್ತಿ ದನಿ ಕುಗ್ಗುತ್ತದೆ. ಆದ್ದರಿಂದ ಗೆಳೆಯರೊಬ್ಬರ ಕೈಗೆ ವಾದ್ಯ ಕೊಟ್ಟು, ನೀವು ಹತ್ತು ಅಡಿ ದೂರದಲ್ಲಿ ಬೆನ್ನು ತಿರುಗಿಸಿ ಕುಳಿತು, ಯಾವುದು ಯಾವುದೆಂದು ತಿಳಿಯದೆ ಕೇಳಿ, ಕೇಳಿದ್ದನ್ನು ಕಾಗದದ ಮೇಲೆ ಬರೆದ ಮೇಲೆಯೇ ತಿರುಗಿ ನೋಡಿ. ಮೊದಲು ನಾಲ್ಕು ಜೋಡಿಗಳನ್ನು ಎಲ್ಲಿಯೂ ಬೆರಳೊತ್ತದೆ ಖಾಲಿಯಾಗಿ ಮೀಟಿಸಿ. ಬಳಿಕ ಒಂದೇ ಸ್ವರಗುಚ್ಛವನ್ನು ಕೆಳಗಿನ ಐದು ಮೆಟ್ಟಿಲುಗಳಲ್ಲಿ (ಕತ್ತಿಗೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿಗಳು, ಅಂದರೆ ಫ್ರೆಟ್), ಆಮೇಲೆ ಹನ್ನೆರಡನೆಯದರ ಮೇಲೆ ನುಡಿಸಿಸಿ. ಸಾಧಾರಣ ವಾದ್ಯದ ತಾರಸ್ಥಾಯಿ ಇಲ್ಲಿ ತೆಳ್ಳಗಾಗಿ ಒಣಗಿಬಿಡುತ್ತದೆ. ಕೊನೆಗೆ ಬ್ಲೂಗ್ರಾಸ್‌ನ ‘ಚಾಪ್’, ಅಂದರೆ ತಂತಿಗಳನ್ನು ಹೊಡೆದ ಮರುಕ್ಷಣವೇ ಬೆರಳಿನ ಒತ್ತು ಸಡಿಲಿಸಿ ದನಿ ಕಡಿಯುವ ಹೊಡೆತ. ಅದರಲ್ಲಿ ಮರದ ಗಟ್ಟಿ ಸದ್ದು ಬರಬೇಕು, ತಗಡಿನ ಸದ್ದಲ್ಲ. ಜೋರಾಗಿರುವುದೇ ಚೆನ್ನಾಗಿರುವುದೆಂದು ಕಿವಿ ಮೋಸಹೋಗುವುದರಿಂದ, ಜೋರಾದ ವಾದ್ಯವನ್ನು ಸ್ವಲ್ಪ ಮೆಲ್ಲಗೆ ಮೀಟಲು ಹೇಳಿ. ಒಂದು ಸುತ್ತು ಮುಗಿದ ಮೇಲೆ ಸರದಿಯನ್ನು ತಿರುವುಮುರುವು ಮಾಡಿ ಮತ್ತೆ ಕೇಳಿ. ಫೋನಿನಲ್ಲಿ ಕಳಿಸಿದ ವಿಡಿಯೊಗಳನ್ನು ಪಕ್ಕಪಕ್ಕ ಇಟ್ಟು ಆರಿಸುವ ಅಡ್ಡದಾರಿ ಬೇಡ. ಅಲ್ಲಿ ನೀವು ಹೋಲಿಸುವುದು ಎರಡು ಮೈಕುಗಳನ್ನು, ಎರಡು ಕೋಣೆಗಳನ್ನು.

ನಾಲ್ಕನೆಯ ಹಂತ: ಮೈ ಪರೀಕ್ಷೆ. ಮೇಲ್ಹಲಗೆ ಸ್ಪ್ರೂಸ್, ಬೆನ್ನು ಮತ್ತು ಪಕ್ಕಗಳು ಮೇಪಲ್ ಆಗಿರುವುದು ವಾಡಿಕೆ. ಮೇಲ್ಹಲಗೆಯ ಉಬ್ಬು, ತಂತಿಗಳನ್ನು ಹೊರುವ ಮರದ ತುಂಡಾದ ಕುದುರೆಯ ಕೆಳಗೆ ಎಲ್ಲಿಯಾದರೂ ತಗ್ಗಿದೆಯೇ ಎಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎಫ್ ರಂಧ್ರದ ಮೂಲಕ ಚಿಕ್ಕ ಕನ್ನಡಿಯನ್ನೂ ದೀಪವನ್ನೂ ಇಳಿಸಿ, ಒಳಗಿನ ಆಸರೆ ಪಟ್ಟಿಗಳು ಅಂಟು ಬಿಟ್ಟಿವೆಯೇ ನೋಡಿ. ಹಳೆಯ ವಾದ್ಯವಾದರೆ ತಲೆಯ ಬಳಿ ಮುರಿದು ಅಂಟಿಸಿದ ಗುರುತನ್ನೂ, ಮೈಗೆ ಮತ್ತೆ ವಾರ್ನಿಷ್ ಬಳಿದಿದೆಯೇ ಎಂಬುದನ್ನೂ ಕೇಳಿ ಬರಹದಲ್ಲಿ ಪಡೆಯಿರಿ. ಎರಡೂ ಬೆಲೆಯನ್ನು ಬಹಳ ಇಳಿಸುತ್ತವೆ.

ಹನ್ನೆರಡನೆಯ ಮೆಟ್ಟಿಲ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಬರುವ ಸ್ವರಕ್ಕೂ, ಅಲ್ಲಿಯೇ ಒತ್ತಿ ಬರುವ ಸ್ವರಕ್ಕೂ ಶ್ರುತಿ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಗಾಬರಿ ಬೇಡ. ಕುದುರೆ ಅಂಟಿಸಿದ್ದಲ್ಲ, ತಂತಿಗಳ ಒತ್ತಡದಲ್ಲಿ ನಿಂತದ್ದು, ಅದನ್ನು ತುಸು ಹಿಂದಕ್ಕೆ ಸರಿಸಿದರೆ ಸರಿಯಾಗುತ್ತದೆ. ಇದನ್ನು ವಾದ್ಯದ ದೋಷವೆಂದು ತೋರಿಸಿ ಬೆಲೆ ಇಳಿಸುವವರೂ ಇದ್ದಾರೆ, ಒಳ್ಳೆಯ ವಾದ್ಯವನ್ನು ಇದೇ ಕಾರಣಕ್ಕೆ ತಿರಸ್ಕರಿಸುವವರೂ ಇದ್ದಾರೆ.

ಐದನೆಯ ಹಂತ: ಮಾರುವವರಿಂದ ಎರಡು ದಿನದ ಮನೆಪರೀಕ್ಷೆಯ ಅವಕಾಶ ಕೇಳಿ. ಕೊಡದವರಲ್ಲಿ ಕೊಳ್ಳಬೇಡಿ.

ಕೊಂಡ ಮೇಲೆ ಒಂದು ಮಾತು. ಇಂಥ ವಾದ್ಯಗಳಿಗೆ ಶೇ 45ರಿಂದ 55ರಷ್ಟು ತೇವಾಂಶ ಹಿತ. ಅಮೆರಿಕದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಒಣಹವೆಗೆ ಹಲಗೆ ಸೀಳುತ್ತದೆ. ಅಲ್ಲಿಂದ ಕೊಂಡು ಮಂಗಳೂರಿನ ಮಳೆಗಾಲಕ್ಕೆ ತಂದರೆ ಅದೇ ಹಲಗೆ ಉಬ್ಬಿ ತಂತಿಗಳು ಮೆಟ್ಟಿಲುಗಳಿಂದ ಮೇಲೇಳುತ್ತವೆ. ಪೆಟ್ಟಿಗೆಯೊಳಗೆ ಒಂದು ಚಿಕ್ಕ ತೇವಮಾಪಕ ಇಡಿ. ಹೊಳಪಿಗೆಂದು ಸಿಲಿಕೋನ್ ಸ್ಪ್ರೇ ಹೊಡೆಯಬೇಡಿ. ಮುಂದೆ ದುರಸ್ತಿಗೆ ಬಂದಾಗ ಅದರ ಮೇಲೆ ವಾರ್ನಿಷ್ ಹಿಡಿಯುವುದಿಲ್ಲ. ತಂತಿ ಬದಲಿಸುವಾಗ ಎಂಟನ್ನೂ ಒಟ್ಟಿಗೆ ಬಿಚ್ಚದೆ ಒಂದೊಂದಾಗಿ ಬದಲಿಸಿ, ಇಲ್ಲವಾದರೆ ಅಷ್ಟು ಪರೀಕ್ಷಿಸಿ ಕೂರಿಸಿದ ಕುದುರೆ ಕಳಚಿ ನಿಮ್ಮ ತೊಡೆಯ ಮೇಲೆ ಬಿದ್ದಿರುತ್ತದೆ.