‘ತಡೆಗಟ್ಟುವ ಕಾಮಾಲೆ’ಯಿಂದ ‘ನಾಳ ಕಟ್ಟಿದ ಕಾಮಾಲೆ’ಗೆ: ನನ್ನ ಅನುಭವ

ರೋಗಿಗಳು ಓದಲೆಂದು ನಾನು ಕನ್ನಡಕ್ಕೆ ಅನುವಾದಿಸಿದ ಕಾಮಾಲೆ ಕೈಪಿಡಿ ಅಚ್ಚಾಗಿ ಬಂದ ಮೇಲೆ ತಪ್ಪು ಕಣ್ಣಿಗೆ ಬಿತ್ತು. ಅಬ್‌ಸ್ಟ್ರಕ್ಟಿವ್ ಜಾಂಡೀಸ್‌ಗೆ ನಾನು ‘ತಡೆಗಟ್ಟುವ ಕಾಮಾಲೆ’ ಅಂತ ಬರೆದಿದ್ದೆ. ಓದಿದವರೊಬ್ಬರು ಕೇಳಿದರು, ‘ಇದು ಬಂದರೆ ಬೇರೆ ಕಾಯಿಲೆ ಬರಲ್ವಾ?’ ಸುಮಾರು ಸಾವಿರದೈನೂರು ಪ್ರತಿ ರದ್ದಿಗೆ ಹೋಯಿತು. ಮರುಮುದ್ರಣದ ಅರ್ಧ ಖರ್ಚು ನಾನೇ ಕೊಟ್ಟೆ. ಆ ತಿಂಗಳ ಅನುವಾದದ ಸಂಪಾದನೆ ಪೂರ್ತಿ ಅದಕ್ಕೇ ಸರಿಹೋಯಿತು.

ಆವತ್ತೇ ತೀರ್ಮಾನ ಮಾಡಿದೆ. ನಿಘಂಟಿನ ಪದ ತಂದು ಕೂರಿಸುವುದಲ್ಲ, ದೇಹದೊಳಗೆ ಏನಾಗುತ್ತದೋ ಅದನ್ನೇ ಪದ ಮಾಡುವುದು. ಪಿತ್ತನಾಳ ಕಟ್ಟಿಕೊಂಡಿದೆ, ಹಾಗಾಗಿ ‘ನಾಳ ಕಟ್ಟಿದ ಕಾಮಾಲೆ’. ಜೊತೆಯ ಅನುವಾದಕರು ಒಪ್ಪಲಿಲ್ಲ. ಪರಿಶೀಲನೆ ಮಾಡುವ ವೈದ್ಯರು ‘ಇದು ಮನೆಮಾತು, ವೈದ್ಯಕೀಯ ಅಲ್ಲ’ ಅಂತ ಕರಡನ್ನು ವಾಪಸ್ ಕಳಿಸಿದರು.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಡೈರೆಕ್ಟ್ ಮತ್ತು ಇನ್‌ಡೈರೆಕ್ಟ್ ಬಿಲಿರುಬಿನ್. ಬಿಲಿರುಬಿನ್ ಅಂದರೆ ರಕ್ತದಲ್ಲಿ ಹೆಚ್ಚಾದಾಗ ಕಣ್ಣು, ಚರ್ಮವನ್ನು ಹಳದಿ ಮಾಡುವ ವಸ್ತು. ‘ನೇರ’, ‘ಪರೋಕ್ಷ’ ಅಂತ ಹಾಕಿದರೆ ಒಂದು ನಿಜವಾದದ್ದು, ಇನ್ನೊಂದು ಬರೀ ಅಂದಾಜು ಅಂತ ಓದಿಕೊಂಡರು. ಡೈರೆಕ್ಟ್‌ಗೆ ಇರುವ ಇನ್ನೊಂದು ಹೆಸರು ಕಾಂಜುಗೇಟೆಡ್, ಅದಕ್ಕೆ ‘ಸಂಯುಗ್ಮಿತ’ ಹಾಕಿ ನೋಡಿದೆ. ಓದಿಸಿದ ಹನ್ನೆರಡು ಜನರಲ್ಲಿ ಒಬ್ಬರಿಗೂ ದಕ್ಕಲಿಲ್ಲ. ಅಸಲಿಗೆ ಡೈರೆಕ್ಟ್, ಇನ್‌ಡೈರೆಕ್ಟ್ ಅನ್ನುವುದು ಪರೀಕ್ಷೆಯಿಂದ ಬಂದ ಹೆಸರು. ರಕ್ತದ ಬಿಲಿರುಬಿನ್ ನೋಡುವ ವಾನ್ ಡೆನ್ ಬರ್ಗ್ ಪರೀಕ್ಷೆಯಲ್ಲಿ ಒಂದು ಸೀದಾ ಬಣ್ಣ ಕೊಡುತ್ತದೆ, ಇನ್ನೊಂದಕ್ಕೆ ಆಲ್ಕೋಹಾಲ್ ಸೇರಿಸಬೇಕು. ರೋಗಿಗೆ ಇದೆಲ್ಲ ಯಾಕೆ? ಈಗ ನಾನು ಡೈರೆಕ್ಟ್‌ಗೆ ಬರೆಯುವುದು ‘ಲಿವರ್ ಹದ ಮಾಡಿದ ಬಿಲಿರುಬಿನ್’, ಇನ್‌ಡೈರೆಕ್ಟ್‌ಗೆ ‘ಲಿವರ್ ಇನ್ನೂ ಹದ ಮಾಡದ ಬಿಲಿರುಬಿನ್’. ಪಕ್ಕದಲ್ಲೇ ಲ್ಯಾಬ್ ವರದಿಯಲ್ಲಿರುವ ಹೆಸರು. ಹದ ಮಾಡಿದ್ದು ನೀರಿನಲ್ಲಿ ಕರಗುತ್ತದೆ, ಮೂತ್ರಕ್ಕೆ ಇಳಿಯುತ್ತದೆ, ಅದಕ್ಕೇ ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತದೆ. ಹದ ಮಾಡದ್ದು ಕರಗುವುದಿಲ್ಲ, ಮೂತ್ರಕ್ಕೂ ಬರುವುದಿಲ್ಲ. ಈ ಒಂದು ಪದ ಸರಿಹೋದ ಮೇಲೆ ಮುಂದಿನ ಎರಡು ಪುಟ ತಾನಾಗೇ ಸಲೀಸಾಯಿತು. ‘ಹದ’ ನನಗೆ ಹೊಳೆದ ಪದ, ಅದರ ಬಗ್ಗೆ ಹೆಮ್ಮೆ ಇದೆ.

ನಡುವೆ ಒಂದು ಪ್ರಯೋಗ ಮಾಡಿದೆ. ಬಿಲಿರುಬಿನ್ ಹೆಸರಿನಲ್ಲಿರುವ ಲ್ಯಾಟಿನ್ ‘ರುಬರ್’ ಅಂದರೆ ಕೆಂಪು. ಜಾಂಡೀಸ್ ಬಂದದ್ದು ಹಳದಿ ಅನ್ನುವ ಫ್ರೆಂಚ್ ಪದದಿಂದ. ಇದನ್ನು ಚೌಕದೊಳಗೆ ಹಾಕಿದರೆ ನೆನಪಿನಲ್ಲಿ ಉಳಿಯುತ್ತದೆ ಅಂದುಕೊಂಡೆ. ‘ಹಾಗಾದರೆ ಕಣ್ಣು ಕೆಂಪಾಗಬೇಕಾ?’ ಅಂತ ಮೂವರು ಕೇಳಿದರು. ಚೌಕ ತೆಗೆದೆ. ಇನ್ನೊಬ್ಬರಂತೂ ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಗಾದೆ ನಂಬಿ, ‘ನನಗೇನೂ ಹಳದಿ ಕಾಣ್ತಿಲ್ಲ, ಹಾಗಾಗಿ ಕಾಮಾಲೆ ಅಲ್ಲ’ ಅಂದರು. ಈಗ ಮೊದಲ ಪುಟದಲ್ಲೇ ಬರೆಯುತ್ತೇನೆ: ಹಳದಿಯಾಗುವುದು ಕಣ್ಣಿನ ಬಿಳಿ ಭಾಗ, ನೋಟ ಅಲ್ಲ.

ನವಜಾತ ಶಿಶುಗಳ ಭಾಗದಲ್ಲಿ ಮಾತ್ರ ನಿಜಕ್ಕೂ ಹೆದರಿದೆ. ಫಿಸಿಯಾಲಾಜಿಕಲ್ ಜಾಂಡೀಸ್‌ಗೆ ‘ಸಹಜ ಕಾಮಾಲೆ’ ಅಂದಿದ್ದೆ. ‘ಸಹಜ ಅಲ್ವಾ, ಸುಮ್ನೆ ಯಾಕೆ ತೋರಿಸಬೇಕು’ ಅಂದರು ಒಬ್ಬ ತಾಯಿ. ಆ ರಾತ್ರಿಯೇ ಕೂತು ಬದಲಾಯಿಸಿದೆ. ‘ಒಂದು ದಿನ ಕಳೆದ ಮೇಲೆ ಕಾಣುವ ಸಾಮಾನ್ಯ ಕಾಮಾಲೆ’ ಅಂತ ಮಾಡಿ, ಕೆಳಗೆ ದಪ್ಪ ಅಕ್ಷರದಲ್ಲಿ: ಸಾಮಾನ್ಯವಾದರೂ ವೈದ್ಯರಿಗೆ ತೋರಿಸಿ, ಹುಟ್ಟಿದ 24 ಗಂಟೆಯೊಳಗೆ ಕಂಡರೆ ಅದು ಸಾಮಾನ್ಯವೇ ಅಲ್ಲ, ತಕ್ಷಣ ಕರೆದುಕೊಂಡು ಹೋಗಿ. ಕರ್ನಿಕ್ಟೆರಸ್‌ಗೆ ಆ ಹೆಸರನ್ನೇ ಇಟ್ಟು, ‘ಬಿಲಿರುಬಿನ್ ಮಿದುಳಿಗೆ ಇಳಿದು ಆಗುವ ಹಾನಿ’ ಅಂತ ಬಿಡಿಸಿ ಹೇಳಿದೆ. ಇಲ್ಲಿ ಪದ ಚೆಂದ ಇರುವುದಕ್ಕಿಂತ ಎಚ್ಚರ ಹುಟ್ಟಿಸುವುದು ಮುಖ್ಯ.

ಕ್ರಿಯಾಪದವನ್ನೂ ಬಿಡಲಿಲ್ಲ. ಕಾಮಾಲೆ ಒಂದು ಲಕ್ಷಣ, ಅದೇ ರೋಗವಲ್ಲ. ಕಾಮಾಲೆ ‘ಬಂದಿದೆ’ ಅಂದರೆ ಅದೇ ರೋಗ ಅನಿಸುತ್ತದೆ. ‘ಕಾಣಿಸಿಕೊಂಡಿದೆ’ ಅಂದರೆ ಒಳಗೆ ಬೇರೇನೋ ಇದೆ ಅಂತ ಓದುಗರೇ ಹುಡುಕುತ್ತಾರೆ.

ಓದಿಸಿ, ಹಾಳೆ ಮುಚ್ಚಿಸಿ, ಅವರ ಮಾತಿನಲ್ಲೇ ಹೇಳಿಸುವುದು ನನ್ನ ಪರೀಕ್ಷೆ. ಮೂರು ಸುತ್ತು, ಒಟ್ಟು ನಲವತ್ತು ಜನ ಇರಬಹುದು. ಅವರ ಸಮಯಕ್ಕೆ ಕೊಟ್ಟ ಹಣವೂ ನನ್ನದೇ. ಕೊನೆಯಲ್ಲಿ ಕೇಳುವ ಎರಡು ಪ್ರಶ್ನೆಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅವೇ ನನ್ನ ಹೊಟ್ಟೆಪಾಡು. ಮೊದಲ ಸುತ್ತಿನಲ್ಲಿ ಸರಿಯಾಗಿ ಹೇಳಿದವರು ಮೂರೋ ನಾಲ್ಕೋ. ಕೊನೆಯ ಸುತ್ತಿನಲ್ಲಿ ಒಬ್ಬಿಬ್ಬರನ್ನು ಬಿಟ್ಟು ಎಲ್ಲರೂ ಹೇಳಿದರು.

ಕರಡು ವಾಪಸ್ ಕಳಿಸಿದ ಅದೇ ವೈದ್ಯರು ಈಚೆಗೆ ಪದಪಟ್ಟಿ ಕೇಳಿ ತರಿಸಿಕೊಂಡರು. ಸುಮಾರು ಎಪ್ಪತ್ತು ಪದ ಆಗಿವೆ. ಕೊಲೆಸ್ಟಾಸಿಸ್‌ಗೆ, ಅಂದರೆ ಪಿತ್ತರಸದ ಹರಿವು ಕುಂಠಿತವಾಗುವುದಕ್ಕೆ, ಸಿಕ್ಕಿರುವ ಪದವನ್ನು ಇನ್ನೊಂದು ಸುತ್ತು ಓದಿಸಿದ ಮೇಲೆ ಹೇಳುತ್ತೇನೆ. ‘ಪಿತ್ತಸ್ತಂಭನ’ ಅಂತೂ ಅಲ್ಲ.